ಸ್ಪೇನದ ರೇವಿಗೆ ಪಯಣದ ಸಿದ್ಧತೆ

ದೊಡವಾಡದಂಥ ಊರಿನಲ್ಲಿ ಪರದೇಶದ ಪ್ರಯಾಣವೆಂಬುದು ಈಗ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಓಣಿಗೊಬ್ಬರಾದರೂ ಅಮೆರಿಕೆಯಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಮಕ್ಕಳನ್ನು ಉಳ್ಳವರಿದ್ದಾರೆ. ಆದರೆ ಇದೇ ಶಾಲೆಯಲ್ಲಿ ಕಲಿತು, ಇದೇ ಶಾಲೆಯಲ್ಲಿ ಮೂರು ದಶಕಗಳ ಕಾಲ ಗಣಿತವನ್ನು ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ತಾವು ಪೋರ್ಟ್ ಆಫ್ ಸ್ಪೇನ್ ಎಂಬ ಪಟ್ಟಣಕ್ಕೆ ಹೊರಟಿರುವುದಾಗಿ ತಿಳಿಸಿದಾಗ ಕಟ್ಟೆಯ ಮೇಲೆ ಕುಳಿತವರಲ್ಲಿ ಅನೇಕರು, “ಹಂಗಾರ ಸ್ಪೇನ್ ದೇಶಕ್ಕ ಹೊಂಟೀರೇನ್ರೀ ಮಾಸ್ತರ್?” ಎಂದು ಕೇಳಿದರು. ಹೆಸರೇನೋ ‘ಸ್ಪೇನದ ರೇವು’ ಎಂದೇ ಅರ್ಥ ಕೊಡುತ್ತದೆ. ಆದರೆ ಸ್ಪೇನಕ್ಕೂ ಅದಕ್ಕೂ ನಡುವೆ ಅಟ್ಲಾಂಟಿಕ್ ಮಹಾಸಾಗರವೇ ಹರಡಿಕೊಂಡಿದೆ. ಅದು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ರಾಜಧಾನಿ. ಕೊಲಂಬಸನು 1498ರಲ್ಲಿ ಈ ದ್ವೀಪವನ್ನು ಕಂಡು ಹೆಸರಿಟ್ಟನು. ಸ್ಪೇನದವರು ಮುನ್ನೂರು ವರ್ಷ ಆಳಿದರು. 1797ರಲ್ಲಿ ಇಂಗ್ಲಿಷರು ಅದನ್ನು ಕಸಿದುಕೊಂಡರು. ಆಳಿದವರು ಹೋದರೂ ರೇವಿನ ಹೆಸರು ಮಾತ್ರ ಹಾಗೆಯೇ ನಿಂತುಬಿಟ್ಟಿತು.

ಮಾಸ್ತರರಿಗೆ ಆ ಹೆಸರು ಹೊಸದಲ್ಲ. 1976ರ ಏಪ್ರಿಲ್ ತಿಂಗಳಲ್ಲಿ ಅವರು ಧಾರವಾಡದಲ್ಲಿ ಪದವಿಯ ವಿದ್ಯಾರ್ಥಿ. ಆ ಪಟ್ಟಣದ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ ತಂಡವು ನಾಲ್ಕನೆಯ ಸರದಿಯಲ್ಲಿ 403 ಓಟಗಳನ್ನು ಗಳಿಸಬೇಕಾಗಿತ್ತು. ಅಂಥ ಗುರಿಯನ್ನು ಮುಟ್ಟುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲವೆಂದೇ ಆಗ ತಿಳಿಯಲಾಗಿತ್ತು. ಗಾವಸ್ಕರರು 102, ಭದ್ರಾವತಿಯ ಗುಂಡಪ್ಪ ವಿಶ್ವನಾಥರು 112, ಮೋಹಿಂದರ್ ಅಮರನಾಥರು 85 ಓಟ ಗಳಿಸಿದರು. ಕೊನೆಗೆ ನಮ್ಮ ನಾಡಿನವರೇ ಆದ ಬ್ರಿಜೇಶ್ ಪಟೇಲರು 49 ಓಟಗಳೊಡನೆ ಅಜೇಯರಾಗಿ ನಿಂತು, ನಾಲ್ಕೇ ವಿಕೆಟ್ಟುಗಳ ನಷ್ಟಕ್ಕೆ 406 ಓಟಗಳನ್ನು ಪೂರೈಸಿದರು. ಅದೇ ಪಂದ್ಯದ ಮೊದಲ ಸರದಿಯಲ್ಲಿ ಆರು ವಿಕೆಟ್ ಕಿತ್ತವರು ಮೈಸೂರಿನ ಚಂದ್ರಶೇಖರರು. ಸುದ್ದಿಯನ್ನು ಹೊತ್ತ ಪತ್ರಿಕೆಯ ತುಣುಕು ಇಂದಿಗೂ ಮಾಸ್ತರರ ಲಾಗರಿದಮ್ ಕೋಷ್ಟಕದ ಪುಸ್ತಕದಲ್ಲಿ ಭದ್ರವಾಗಿದೆ. ಗಣಿತದವರಿಗೆ ಅಂಕಿಗಳ ಮೇಲಿನ ಪ್ರೀತಿ ಎಷ್ಟೆಂಬುದು ಬಲ್ಲವರಿಗೇ ಗೊತ್ತು.

ಹಾಗೆಂದು ಮೈದಾನ ನೋಡುವುದಕ್ಕಾಗಿಯೇ ಎಪ್ಪತ್ತೊಂದರ ವಯಸ್ಸಿನಲ್ಲಿ ಯಾರೂ ಸಮುದ್ರ ದಾಟುವುದಿಲ್ಲ. ಅವರ ಅಳಿಯಂದಿರು ವೈದ್ಯರು. ಕೆಲವು ವರ್ಷಗಳಿಂದ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಸೇವೆಯಲ್ಲಿದ್ದಾರೆ. ಮಗಳಿಗೆ ಏಳು ವರ್ಷದ ಮಗನಿದ್ದಾನೆ. ಆ ಕೂಸು ದೂರವಾಣಿಯಲ್ಲಿ “ಅಜ್ಜಾ” ಎಂದು ಕೂಗಿ, ಮುಂದೆ ಮಾತು ತೋಚದೆ ತಾಯಿಯ ಕೈಗೆ ಕೊಟ್ಟುಬಿಡುತ್ತದೆ. ಕನ್ನಡದಲ್ಲಿ ಕೇಳಿದರೆ ತಿಳಿಯುತ್ತದೆ. ಉತ್ತರ ಬರುವುದು ಇಂಗ್ಲಿಷಿನಲ್ಲಿ. ಒಂದೆರಡು ವರ್ಷಗಳಲ್ಲಿ ತಿಳಿಯುವುದೂ ನಿಂತುಹೋಗಬಹುದೆಂಬ ಅಂಜಿಕೆ ಮಾಸ್ತರರನ್ನು ಕಾಡುತ್ತಿತ್ತು. ಮಗಳಿಗೆ ಹೇಳಿದರೆ, “ಏನ್ ಮಾಡ್ಲಿ ಅಪ್ಪಾ, ಸಾಲ್ಯಾಗ ಹಂಗ, ಮನ್ಯಾಗ ಹಿಂಗ ಅಂದ್ರ ಅದಕ್ಕ ತಲಿ ಕೆಡತೈತಿ” ಎನ್ನುತ್ತಿದ್ದಳು. ಆಕೆಯ ಮಾತಿನಲ್ಲಿಯೂ ಸತ್ಯವಿಲ್ಲದಿಲ್ಲ.

ಪ್ರಯಾಣದ ಯೋಚನೆ ಮೊಳೆತ ಮೇಲೆ ಮಾಸ್ತರರು ಆ ದೇಶದ ಚರಿತ್ರೆಯನ್ನು ಓದತೊಡಗಿದರು. ಓದಿದಷ್ಟೂ ಅವರ ಅಂಜಿಕೆ ಬೆಳೆಯಿತು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅದೇ ದಶಕದಲ್ಲಿ ಇಂಗ್ಲಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದರು. 1838ರ ಹೊತ್ತಿಗೆ ಆಫ್ರಿಕದ ಜನ ಪೂರ್ಣವಾಗಿ ಬಿಡುಗಡೆ ಹೊಂದಿದರು. ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ಆಗ ದೊರೆಗಳ ಕಣ್ಣು ಬಿದ್ದದ್ದು ಭಾರತದ ಬಡವರ ಮೇಲೆ. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಕಲಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು, ಮೂರು ತಿಂಗಳಿಗೂ ಮಿಕ್ಕಿ ಸಮುದ್ರದಲ್ಲಿ ತೇಲಿ, ಟ್ರಿನಿಡಾಡನ್ನು ಮುಟ್ಟಿತು. ಅಲ್ಲಿಂದ ಮುಂದೆ 1917ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಅಧಿಕ ಜನ ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟೊತ್ತಿ ಅದೇ ದಾರಿ ಹಿಡಿದರು. ಬಹುಪಾಲು ಜನ ಭೋಜಪುರಿ ಸೀಮೆಯವರು. ಮದ್ರಾಸಿನ ರೇವಿನಿಂದ ಹೋದವರೂ ಇದ್ದರು.

ಬೈಲಹೊಂಗಲದ ಸುತ್ತಿನವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯ ಹಂಗಾಮು ಆರಂಭವಾಯಿತೆಂದರೆ ದೂರದೂರದಿಂದ ಕಬ್ಬು ಕಡಿಯುವ ಗ್ಯಾಂಗಿನವರು ಬಂದಿಳಿಯುವುದನ್ನು, ಮುಂಗಡದ ಹಣಕ್ಕೆ ಕಟ್ಟುಬಿದ್ದು ಕೂಸುಕುನ್ನಿಗಳೊಡನೆ ಹೊಲದ ಬದುವಿನಲ್ಲಿ ಗುಡಿಸಲು ಹಾಕುವುದನ್ನು ಅವರು ಕಂಡಿದ್ದಾರೆ. ಆದರೆ ಈ ಗ್ಯಾಂಗಿನವರು ಹಂಗಾಮು ತೀರಿದೊಡನೆ ಊರಿಗೆ ಮರಳುತ್ತಾರೆ. ಆ ಹಡಗಿನವರಲ್ಲಿ ಮರಳಿದವರು ಕೆಲವರು. 1869ರಿಂದ ಮುಂದೆ ಮರಳುವ ಹಡಗಿನ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಅಲ್ಲಿಯೇ ಒಂದು ತುಂಡು ಭೂಮಿ ಕೊಡುವ ಏರ್ಪಾಡಾಯಿತು. ಅನೇಕರು ಅಲ್ಲಿಯೇ ಬೇರೂರಿದರು. ಇಂದು ಆ ದೇಶದ ಜನಸಂಖ್ಯೆಯಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿನವರು ಭಾರತೀಯ ಮೂಲದವರೇ. ಮೇ 30 ಅಲ್ಲಿ ಸರ್ಕಾರಿ ರಜೆ.

ಇವರಲ್ಲಿ ಉಳಿದದ್ದೇನು, ಅಳಿದದ್ದೇನು ಎಂಬುದೇ ಮಾಸ್ತರರ ಲೆಕ್ಕಕ್ಕೆ ಸಿಕ್ಕ ಪ್ರಶ್ನೆ. ಹೆಸರುಗಳು ಉಳಿದವು. ಹಬ್ಬಗಳು, ಮದುವೆಯ ಹಾಡುಗಳು ಉಳಿದವು. ಪೋರ್ಟ್ ಆಫ್ ಸ್ಪೇನಿನ ಸೇಂಟ್ ಜೇಮ್ಸ್ ಎಂಬ ಪೇಟೆಯಲ್ಲಿ ಕಲಕತ್ತಾ ಬೀದಿಯಿದೆ, ಬೊಂಬಾಯಿ ಬೀದಿಯಿದೆ, ಮದ್ರಾಸ್ ಬೀದಿಯೂ ಇದೆ. ಅಡಿಗೆಯಂತೂ ಗಟ್ಟಿಯಾಗಿ ಉಳಿದಿದೆ. ಬೇಳೆಯನ್ನು ಬೇಯಿಸಿ, ಪುಡಿಮಾಡಿ, ಕಣಕದಲ್ಲಿ ತುಂಬಿ ಲಟ್ಟಿಸುವ ‘ದಾಲ್‌ಪುರಿ’ ಅಲ್ಲಿ ಎಲ್ಲ ಕುಲದವರ ಊಟ. ಬೆಲ್ಲ ಬಿಟ್ಟು ಉಪ್ಪು ಹಾಕಿದ ಹೋಳಿಗೆಯೆಂದು ತಿಳಿದರೆ ಸಾಕು. ಆದರೆ ಮಾತು ಉಳಿಯಲಿಲ್ಲ. ಮೂರು ನಾಲ್ಕು ತಲೆಮಾರುಗಳಲ್ಲಿ ಭೋಜಪುರಿ ಮುದುಕರ ನಾಲಿಗೆಗೆ ಸರಿಯಿತು; ಮೊಮ್ಮಕ್ಕಳು ಇಂಗ್ಲಿಷಿನವರಾದರು. ಒಂದು ಲಕ್ಷಕ್ಕೂ ಮಿಕ್ಕ ಜನ ಒಂದೇ ದ್ವೀಪದಲ್ಲಿ ಒತ್ತೊತ್ತಾಗಿ ಬಾಳಿಯೂ ಕಾಯ್ದುಕೊಳ್ಳಲಾರದ್ದನ್ನು ಒಂದು ಮನೆಯ ಮೂವರು ಕಾಯ್ದುಕೊಳ್ಳಬಲ್ಲರೇ? ಇದು ತ್ರೈರಾಶಿಯಿಂದ ಬಿಡಿಸುವ ಲೆಕ್ಕವಲ್ಲ.

ಹೀಗಿರುವಾಗ ಒಂದು ದಿನ ಆ ಹುಡುಗನೇ ತಾನಾಗಿ ಅಜ್ಜನನ್ನು ದೂರವಾಣಿಗೆ ಕರೆದು ಒಂದು ಪ್ರಶ್ನೆ ಕೇಳಿದನು. ತನ್ನ ತರಗತಿಯ ಗೆಳೆಯನೊಬ್ಬನು ತಂದೆಯ ತಂದೆಯನ್ನು ‘ಆಜಾ’ ಎನ್ನುತ್ತಾನೆ, ತಂದೆಯ ತಾಯಿಯನ್ನು ‘ಆಜೀ’ ಎನ್ನುತ್ತಾನೆ. ಅವನಿಗೆ ಕನ್ನಡ ಬರುತ್ತದೆಯೇ? ಮಾಸ್ತರರು ಒಂದು ಕ್ಷಣ ನಿರುತ್ತರರಾದರು. ತರುವಾಯ ತಾವು ಇದೇ ಶಾಲೆಯ ಎಂಟನೆಯ ಇಯತ್ತೆಯಲ್ಲಿ ಕುಳಿತು ಬಾಯಿಪಾಠ ಮಾಡಿದ ತತ್ಸಮ-ತದ್ಭವಗಳ ಪಟ್ಟಿ ಅವರ ನೆನಪಿಗೆ ಬಂದಿತು: ಆರ್ಯ – ಅಜ್ಜ. ಸಂಸ್ಕೃತದ ‘ಆರ್ಯ’ ಶಬ್ದವು ಪ್ರಾಕೃತದಲ್ಲಿ ‘ಅಜ್ಜ’ ಎಂದಾಗಿ, ಕನ್ನಡಕ್ಕೆ ಬಂದು ನೆಲೆಸಿ ಹಿರಿಯನಿಗೆ ಹೆಸರಾಯಿತು. ಅದೇ ಪ್ರಾಕೃತದ ಇನ್ನೊಂದು ಕವಲು ಗಂಗೆಯ ಬಯಲಿನ ಹಳ್ಳಿಗಳಲ್ಲಿ ‘ಆಜಾ’ ಆಯಿತು. ಒಂದು ಹಡಗನ್ನೇರಿತು, ಇನ್ನೊಂದು ವಿಮಾನವನ್ನೇರಿತು. ಎರಡೂ ಒಂದೇ ತರಗತಿಯ ಬೆಂಚಿನ ಮೇಲೆ ಭೇಟಿಯಾದವು. ಕೇಶಿರಾಜನ ಅಪಭ್ರಂಶಪ್ರಕರಣವನ್ನು ನೀರಸವೆನ್ನುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಇಷ್ಟನ್ನೂ ಏಳು ವರ್ಷದ ಹುಡುಗನಿಗೆ ಹೇಳುವುದೆಂತು? “ಅವನೂ ನೀನೂ ದೂರದ ನೆಂಟರು, ನಾನು ಬಂದು ಹೇಳ್ತೇನಿ” ಎಂದುಬಿಟ್ಟರು. ಅಂದೇ ಪ್ರಯಾಣ ನಿಶ್ಚಯವಾಯಿತು.

ಪಾಸ್‌ಪೋರ್ಟಿನ ಕಾರ್ಯಕ್ಕಾಗಿ ಹುಬ್ಬಳ್ಳಿಗೆ ಎರಡು ಸಲ ಅಲೆದಾಟವಾಯಿತು. ಅಲ್ಲಿ ಕಂಡ ಒಂದು ಸಂಗತಿ ಹೇಳುವಂತಿದೆ. ಸರದಿಯಲ್ಲಿ ಕುಳಿತ ಈ ಕಡೆಯ ಮುದುಕರಲ್ಲಿ ಬಹುಜನರ ಹುಟ್ಟಿದ ದಿನ ಜೂನ್ 1! ಶಾಲೆಗೆ ಸೇರಿಸಲು ಬಂದ ತಂದೆ “ಹಿಂದಿನ ಬರದಾಗ ಹುಟ್ಟ್ಯಾನ್ರೀ” ಎಂದರೆ ಮಾಸ್ತರರು ಮತ್ತೇನು ಬರೆಯಬೇಕು? ಈ ಮಾಸ್ತರರದೂ ಜೂನ್ 1. ಅವರು ಸ್ವತಃ ಎಷ್ಟು ಮಕ್ಕಳಿಗೆ ಆ ಜನ್ಮದಿನವನ್ನು ದಯಪಾಲಿಸಿದರೋ ಶಾಲೆಯ ಜನರಲ್ ರಜಿಸ್ಟರೇ ಹೇಳಬೇಕು.

ದಾರಿಯ ವಿಚಾರವೂ ಸುಲಭವಲ್ಲ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಲಂಡನ್ನಿನ ಮೇಲೆಯೋ ನ್ಯೂಯಾರ್ಕಿನ ಮೇಲೆಯೋ ಹೋಗಬೇಕು. ಕೊನೆಗೆ ಲಂಡನ್ನಿನ ದಾರಿಯನ್ನೇ ಆರಿಸಲಾಯಿತು. ನಮ್ಮಲ್ಲಿಗೂ ಅಲ್ಲಿಗೂ ಒಂಬತ್ತೂವರೆ ತಾಸುಗಳ ಅಂತರ. ಪಡುವಣಕ್ಕೆ ಹಾರುವಾಗ ಹಗಲು ಹಿಗ್ಗುತ್ತದೆ. ಹಾಗಾದರೆ ಬೆಳಗಿನ ಲಿಂಗಪೂಜೆಯನ್ನು ಯಾವ ಬೆಳಗಿಗೆ ಮಾಡಬೇಕೆಂದು ಮಾಸ್ತರರು ನೋಟುಬುಕ್ಕಿನಲ್ಲಿ ಗಂಟೆಗಳನ್ನು ಕೂಡಿ ಕಳೆಯುತ್ತಿದ್ದಾಗ ಅವರ ಮಡದಿ, “ಸ್ನಾನಾದಾಗ ಬೆಳಗು ತಿಳೀರಿ” ಎಂದು ಲೆಕ್ಕ ಮುಗಿಸಿದರು.

ಮಡದಿಯವರು ಹೊರಡುವುದು ಮೊದಲು ನಿಶ್ಚಿತವಿರಲಿಲ್ಲ. ಅವರಿಗೆ ಸಂಧಿವಾತ, ಬಹುದಿನದ ಔಷಧ ನಡೆದಿದೆ. ಮಾಸ್ತರರು ತಾವೊಬ್ಬರೇ ಹೋಗಿಬರುವ ಮಾತೆತ್ತಿದಾಗ ಆ ತಾಯಿ ಹೇಳಿದ ಉತ್ತರವನ್ನು ಓಣಿಯವರು ಇಂದಿಗೂ ನೆನೆಯುತ್ತಾರೆ: “ನೀವು ಕೂಸಿನ ಕೂಡ ಮಾತಾಡೂದಂದ್ರ ಮಗ್ಗಿ ಕೇಳೂದ. ಅದು ಕನ್ನಡಾ ಕಲೀಬೇಕಂದ್ರ ನನ್ನ ಒಲಿ ಮುಂದ ಕುಂದರಬೇಕ್ರಿ.” ಟ್ರಿನಿಡಾಡಿನ ಚರಿತ್ರೆಯೂ ಇದನ್ನೇ ಸಾಕ್ಷೀಕರಿಸುತ್ತದೆ. ಅಲ್ಲಿ ಭೋಜಪುರಿಯ ತುಣುಕುಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಒಲೆಯ ಸುತ್ತಲೂ ನೆಂಟಸ್ತನದ ಕರೆಗಳಲ್ಲಿಯೂ ಉಳಿದಿವೆ; ಆಲೂ, ಬೈಂಗನ್, ಭಾಜಿ, ನಾನಾ, ನಾನೀ. ಪಾಠಶಾಲೆಯ ವ್ಯಾಕರಣಕ್ಕಿಂತ ಅಡಿಗೆಮನೆಯ ವ್ಯಾಕರಣ ದೀರ್ಘಾಯುವೆಂಬುದನ್ನು ಕನ್ನಡ ಪಂಡಿತರೂ ಒಪ್ಪಬೇಕಾಗುತ್ತದೆ, ತುಸು ಸಂಕಟದಿಂದಲಾದರೂ.

ಇಬ್ಬರೂ ಹೊರಡುವುದೆಂದಾದ ಮೇಲೆ ಲಸಿಕೆಯ ತೊಡಕು ಎದುರಾಯಿತು. ಟ್ರಿನಿಡಾಡಿನ ಕಾಡುಗಳಲ್ಲಿ ಸೊಳ್ಳೆಯಿಂದ ಹರಡುವ ಪೀತಜ್ವರದ ಭಯವುಂಟು. ಭಾರತದಲ್ಲಿ ಆ ರೋಗವಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಧಾರಾಳವಾಗಿದೆ. ಆದಕಾರಣ ಅಲ್ಲಿಂದ ಬರುವವರ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರವಿರಲೇಬೇಕೆಂದು ನಮ್ಮ ಸರ್ಕಾರದ ಕಟ್ಟಳೆ. ಅದಿಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಲ್ಲಿಂದ ನೇರವಾಗಿ ಅಲ್ಲಿಗೆ ಹೋಗುವವರನ್ನು ಆ ದೇಶದವರು ಇದನ್ನು ಕೇಳುವುದಿಲ್ಲ. ಇದನ್ನು ಕೇಳಿದ ಮಡದಿಯವರು, “ಹೋಗಾಕ ಯಾರೂ ಕೇಳೂದಿಲ್ಲ, ಮನಿಗೆ ಬರಾಕ ಕೇಳ್ತಾರ!” ಎಂದರು. ಹಡಗಿನಲ್ಲಿ ಹೋದ ಆ ಜನರ ಕಥೆಯೂ ಬಹುಮಟ್ಟಿಗೆ ಇದೇ ಆಗಿತ್ತಲ್ಲವೇ?

ಲಸಿಕೆಯನ್ನು ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಬೆಂಗಳೂರಿಗಿಂತ ಗೋವೆಯ ಮುರಗಾಂವ ಬಂದರಿನ ಆರೋಗ್ಯ ಕಚೇರಿ ಈ ಕಡೆಯವರಿಗೆ ಹತ್ತಿರ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. ಆಮೇಲೆ ಅದು ಬದುಕಿರುವವರೆಗೂ ನಡೆಯುತ್ತದೆಂದು 2016ರಿಂದ ನಿಯಮವಾಗಿದೆ. ಆದರೆ ಅದು ಜೀವಂತ ಲಸಿಕೆ. ಅರವತ್ತು ದಾಟಿದವರಿಗೆ ಅಪರೂಪವಾಗಿಯಾದರೂ ಗಂಡಾಂತರ ತರಬಹುದು. ರೋಗನಿರೋಧಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುವವರಿಗೆ ಸಲ್ಲದೆಂದೇ ವೈದ್ಯಶಾಸ್ತ್ರ ಹೇಳುತ್ತದೆ. ಅಳಿಯಂದಿರು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ತಿಳಿಸಿ, “ಮಾವನವರೇ, ಬರ್ರಿ ಅಂತ ನಾನು ಒತ್ತಾಯ ಮಾಡಲಾರೆ” ಎಂದರು. ವೈದ್ಯರಾದವರು ಬಂಧುಗಳ ವಿಷಯದಲ್ಲಿ ಇಷ್ಟು ನೇರವಾಗಿ ಮಾತಾಡುವುದು ಮೆಚ್ಚತಕ್ಕ ಗುಣ. ಮಾಸ್ತರರು ಎರಡು ವಾರ ಯೋಚಿಸಿದರು. ಹೃದಯ, ಮೂತ್ರಪಿಂಡಗಳ ಪರೀಕ್ಷೆಯಾಗಿ, ಅಡ್ಡಿಯಿಲ್ಲವೆಂದು ಧಾರವಾಡದ ವೈದ್ಯರು ಹೇಳಿದ ಮೇಲೆ ಮುರಗಾಂವಕ್ಕೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಎರಡು ದಿನ ಜ್ವರ ಬಂದು ಇಳಿಯಿತು. ಮಡದಿಯವರಿಗೆ ಲಸಿಕೆ ಕೂಡದೆಂದು ವೈದ್ಯರು ಬರೆದುಕೊಟ್ಟರು. ಮರಳಿದಾಗ ಆ ಕಾಗದ ನಡೆಯದೆ ಹೋದರೆ? “ಆರು ದಿನಾ ಕೂಡಿ ಹಾಕಿದರ ಹಾಕ್ಲಿ. ಎರಡು ತಿಂಗಳ ಕೂಸಿನ ಕೂಡ ಇದ್ದು ಬಂದಿರ್ತೇನಿ” ಎಂಬುದು ಆಕೆಯ ತೀರ್ಮಾನ.

ಈಗ ಮನೆಯಲ್ಲಿ ಗಂಟುಮೂಟೆಯ ಸಡಗರ. ಜೂನಿನಿಂದ ಅಲ್ಲಿ ಮಳೆಗಾಲ. ಜನವರಿಯಿಂದ ಮೇ ತಿಂಗಳವರೆಗೆ ಒಣಹವೆ. ಆದುದರಿಂದ ಸಂಕ್ರಾಂತಿ ಮುಗಿಸಿಕೊಂಡು ಹೊರಡುವುದೆಂದು ಗೊತ್ತಾಗಿದೆ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗೋಕಾಕದ ಕರದಂಟು ಇವುಗಳ ತೂಕವನ್ನು ಮಾಸ್ತರರು ತಕ್ಕಡಿಯಲ್ಲಿ ನೋಡಿ ಬರೆದುಕೊಂಡಿದ್ದಾರೆ. ಒಂದು ಅಂಕಲಿಪಿಯೂ ಪಟ್ಟಿಯಲ್ಲಿದೆ. ವಾಟರ್‌ಲೂ ಎಂಬ ಊರಿನ ಕಡಲಲ್ಲಿರುವ ಗುಡಿಯನ್ನು ನೋಡಬೇಕೆಂಬುದು ಇಬ್ಬರ ಆಶೆ. ಶಿವದಾಸ ಸಾಧುವೆಂಬ ಕಬ್ಬಿನ ತೋಟದ ಕೂಲಿಕಾರನೊಬ್ಬನು ಕಂಪನಿಯ ಜಮೀನಿನಲ್ಲಿ ಗುಡಿ ಕಟ್ಟಿದನೆಂದು ಅದನ್ನು ಕೆಡವಿ ಅವನನ್ನು ಸೆರೆಗೆ ಹಾಕಿದರು. ನೆಲ ನಿಮ್ಮದಾದರೆ ನೀರು ಯಾರದೂ ಅಲ್ಲವೆಂದು ಅವನು ಸೈಕಲ್ಲಿನ ಮೇಲೆ ಕಲ್ಲುಮಣ್ಣು ಹೇರಿ, ಇಪ್ಪತ್ತೈದು ವರ್ಷ ಸಮುದ್ರವನ್ನು ತುಂಬಿ, ಅದರ ಮೇಲೆ ಗುಡಿಯೆಬ್ಬಿಸಿದನು. ಕಾಯಕವೆಂದರೆ ಏನೆಂದು ದೊಡವಾಡದವರಿಗೆ ಅವನೂ ಹೇಳಬಲ್ಲನು.

ಓವಲ್ ಮೈದಾನವನ್ನು ತೋರಿಸುವ ಹೊಣೆಯನ್ನು ಮೊಮ್ಮಗನು ವಹಿಸಿಕೊಂಡಿದ್ದಾನೆ. ಮೊನ್ನೆ ದೂರವಾಣಿಯಲ್ಲಿ ಅವನು ಅಜ್ಜಿಯನ್ನು ಕೇಳಿದ್ದು ಇಂಗ್ಲಿಷಿನಲ್ಲಿಯೇ, ಏನು ತರುವಿರೆಂದು. ಅಜ್ಜಿಗೆ ಇಂಗ್ಲಿಷು ಬಾರದು. “ಕನ್ನಡದಾಗ ಕೇಳಿದರ ಹೇಳ್ತೇನಿ” ಎಂದರು. ಬಹುಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, “ಏನ್ ತರ್ತಿ ಅಜ್ಜಿ?” ಎಂದನು. ಪಟ್ಟಿಯಲ್ಲಿ ಕರದಂಟಿನ ತೂಕ ಅರ್ಧ ಕಿಲೋ ಹೆಚ್ಚಿದೆ.