ಅಕ್ಕನ ಸೀತಾಳೆ ದಂಡೆ

ಈ ಸಲದ ಗೋಡೆ ಪತ್ರಿಕೆಗೆ "ನೀವೇ ಕಂಡಿದ್ದು, ನೀವೇ ಮಾಡಿದ್ದು ಬರೀರಿ, ಪುಸ್ತಕದ್ದು ಬೇಡ" ಎಂದು ನಮ್ಮ ಕನ್ನಡ ಮೇಷ್ಟ್ರು ಹೇಳಿದ್ದಾರೆ. ನಾನು ಮಾಡಿದ್ದು ಒಂದು ತಪ್ಪು. ಅದನ್ನೇ ಬರೆಯುತ್ತೇನೆ. ಗೆಳತಿಯರೇ, ಓದಿ ನಗಬೇಡಿ.

ಸೀತಾಳೆ ದಂಡೆ ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಮಾವು, ಹಲಸಿನ ಮರದ ಮೈಮೇಲೆ ಬೆಳೆದು, ಮಳೆ ಹಿಡಿಯುವ ಹೊತ್ತಿಗೆ ನರಿ ಬಾಲದ ಹಾಗೆ ಜೋತುಬೀಳುವ ಹೂವು. ಬಿಳಿ ಎಸಳು, ನೇರಳೆ ಚುಕ್ಕೆ. ಒಂದೇ ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂವಿರುವುದುಂಟು. ಸೀತಮ್ಮ ಕಾಡಿನಲ್ಲಿದ್ದಾಗ ಇದನ್ನೇ ಮುಡಿಯುತ್ತಿದ್ದಳು ಎಂದು ನಮ್ಮಜ್ಜಿ ಹೇಳುತ್ತಾರೆ. ಅಸ್ಸಾಂ ರಾಜ್ಯದ ಹೂವೂ ಇದೇ. ಅಲ್ಲಿ ಬಿಹು ಹಬ್ಬಕ್ಕೆ ಕುಣಿಯುವ ಹುಡುಗಿಯರು ಇದನ್ನು ಮುಡಿಯುತ್ತಾರೆ.

ನಾಲ್ಕು ವರ್ಷದ ಹಿಂದೆ ಗಾಳಿಗೆ ಮುರಿದುಬಿದ್ದ ಹಲಸಿನ ಕೊಂಬೆಯಲ್ಲಿ ಈ ಗಿಡ ಇತ್ತು. ಅಕ್ಕ ಅದನ್ನು ಕೊಂಬೆ ತುಂಡಿನ ಸಮೇತ ತಂದು ಜಗಲಿಯ ಮಾಡಿಗೆ ಕಟ್ಟಿದ್ದಳು. ಕಳೆದ ವರ್ಷ ವೈಶಾಖದಲ್ಲಿ ಅವಳ ಮದುವೆಯಾಯಿತು. ಆಷಾಢಕ್ಕೆ ತವರಿಗೆ ಬಂದಾಗ ಗಿಡ ಎರಡು ದಂಡೆ ಬಿಟ್ಟಿತ್ತು. ಒಂದು ಅವಳ ಜಡೆಗೆ, ಒಂದು ನನ್ನ ಜಡೆಗೆ. ವಾಪಸು ಹೋಗುವಾಗ ಬಸ್ಸಿನ ಕಿಟಕಿಯಿಂದ "ಗಿಡ ನೋಡ್ಕೊಳ್ಳೇ" ಅಂದಳು. ಅಳು ಬರ್ತಿತ್ತು, ಹೂಂ ಅಂದೆ ಅಷ್ಟೆ.

ಆಮೇಲೆ ಮರೆತೇಬಿಟ್ಟೆ. ಶಿವರಾತ್ರಿಗೆ ಜಗಲಿ ಸಾರಿಸುವಾಗ ನೋಡ್ತೀನಿ, ಹಗ್ಗ ಲಡ್ಡಾಗಿ ಹರಿದು, ಗಿಡ ಕಟ್ಟಿಗೆ ರಾಶಿಯ ಹಿಂದೆ ಬಿದ್ದಿದೆ! ಎಲೆಯೆಲ್ಲ ಸುಕ್ಕು. ಪಾಪ, ಮಣ್ಣೇ ಇಲ್ಲದೆ ಹೇಗೆ ಬದುಕೀತು ಎಂದು ಪೇಂಟಿನ ಡಬ್ಬಕ್ಕೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟೆ. ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಎಲೆ ಇನ್ನೂ ಸುಕ್ಕಾಯಿತು. ಬಾಯಾರಿಕೆ ಎಂದು ಮತ್ತೊಂದು ಚೊಂಬು ಹೊಯ್ದೆ. ಯುಗಾದಿ ಹೊತ್ತಿಗೆ ಎಲೆ ಹಳದಿಯಾಗಿ, ಮುಟ್ಟಿದರೆ ಕೈಗೇ ಬರುತ್ತಿತ್ತು. ಅಕ್ಕ ಫೋನು ಮಾಡಿ ಕೇಳಿದಾಗ "ಚೆನ್ನಾಗಿದೆ" ಎಂದು ಸುಳ್ಳು ಹೇಳಿದೆ. ಆ ರಾತ್ರಿ ಊಟ ಸೇರಲಿಲ್ಲ.

ಕೊನೆಗೆ ವಿಜ್ಞಾನ ಮೇಷ್ಟ್ರಿಗೆ ಹೇಳಿದೆ. "ಕಿತ್ತು ಬೇರು ನೋಡು ಮಾರಾಯ್ತಿ" ಅಂದರು. ಕಿತ್ತೆ. ೧೧ ಬೇರುಗಳಲ್ಲಿ ೯ ಕಂದಾಗಿ ಕೊಳೆತಿದ್ದವು. ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯಿತು. ಥೂ, ಆ ವಾಸನೆ! ಮೇಷ್ಟ್ರು ವಿವರಿಸಿದರು: ಇದು ಬಂದಳಿಕೆಯ ಹಾಗೆ ಮರದ ರಸ ಹೀರುವ ಗಿಡ ಅಲ್ಲ, ಮರ ಅದಕ್ಕೆ ಬರೀ ಕೂರುವ ಜಾಗ. ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರ ಇರುತ್ತದೆ, ಮಳೆ ನೀರನ್ನು ಹೀರಿಕೊಳ್ಳುವುದು ಅದೇ. ಅದಕ್ಕೆ ಗಾಳಿಯೂ ಬೇಕು. ಸದಾ ಒದ್ದೆ ಮಣ್ಣಿನಲ್ಲಿ ಹೂತರೆ ಉಸಿರುಗಟ್ಟಿ ಕೊಳೆಯುತ್ತದೆ. ಬೇರು ಸತ್ತ ಮೇಲೆ ನೀರು ಎಲೆಗೆ ಹೋಗುವುದಾದರೂ ಹೇಗೆ? ಹಾಗಾಗಿ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದ ಹಾಗೆಯೇ ಕಾಣುತ್ತದಂತೆ. ನಾನು ಮೋಸ ಹೋದದ್ದು ಅಲ್ಲೇ.

ಕೊಳೆತದ್ದನ್ನೆಲ್ಲ ಹೊಸ ಬ್ಲೇಡಿನಿಂದ ಕೊಯ್ದು, ಬೇರು ತೊಳೆದೆ. ಅಜ್ಜಿ ಗಾಯಕ್ಕೆ ಅರಿಶಿನ ಪುಡಿ ಹಚ್ಚಿದರು. ಎರಡು ದಿನ ನೆರಳಲ್ಲಿ ಒಣಗಲು ಬಿಟ್ಟು, ಆಮೇಲೆ ಹಲಸಿನ ಕಟ್ಟಿಗೆ ತುಂಡಿಗೆ ಸ್ವಲ್ಪ ತೆಂಗಿನ ನಾರಿಟ್ಟು, ಹಳೇ ಸೀರೆ ಅಂಚಿನಿಂದ ಕಟ್ಟಿದೆ. ಮಾಡಿನ ಕೆಳಗೆ, ಬೆಳಗಿನ ಎಳೆ ಬಿಸಿಲು ಬೀಳುವ ಕಡೆ ತೂಗುಹಾಕಿದೆ. ನೀರಿನ ಲೆಕ್ಕವನ್ನು ಬೇರೇ ಹೇಳುತ್ತದೆ: ಒಣಗಿದಾಗ ಬಿಳಿ, ಒದ್ದೆ ಇದ್ದಾಗ ಹಸಿರು. ಬಿಳಿಯಾದರೆ ಮಾತ್ರ ಬೆಳಿಗ್ಗೆ ನೀರು ಚಿಮುಕಿಸಬೇಕು. ಚೊಂಬು ಹಿಡಿದುಕೊಂಡು ಹೋಗಿ, ಹಸಿರು ಕಂಡು ಸುಮ್ಮನೆ ವಾಪಸು ಬರುವುದಿದೆಯಲ್ಲ, ಅದು ಭಾರೀ ಕಷ್ಟ.

ಎರಡು ತಿಂಗಳು ಎಂತದೂ ಆಗಲಿಲ್ಲ. ಉಳಿದದ್ದು ಮೂರೇ ಎಲೆ. ಅಮ್ಮ "ಎಸೆದುಬಿಡೇ" ಅಂದರು. ಮಳೆ ಶುರುವಾದ ಮೇಲೆ ಒಂದು ದಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊನೆ ಕಂಡಿತು. ಹೊಸ ಬೇರು! ಕೂಗಿಕೊಂಡು ಒಳಗೆ ಓಡಿದೆ.

ಈ ಆಷಾಢದಲ್ಲಿ ಅಕ್ಕ ನಾಲ್ಕು ದಿನಕ್ಕೆ ಬಂದಿದ್ದಳು. ಚೀಲ ಇಳಿಸುವ ಮೊದಲೇ ಎಲ್ಲ ಹೇಳಿಬಿಟ್ಟೆ, ಸುಳ್ಳು ಹೇಳಿದ್ದನ್ನೂ. ಅವಳು ಬೈಯಲಿಲ್ಲ. ಗಿಡದ ಹತ್ತಿರ ತುಂಬ ಹೊತ್ತು ನಿಂತು ಬೇರು ಎಣಿಸಿದಳು. ಹಳೆಯದು ೨, ಹೊಸದು ೩. ಹೂವಿಲ್ಲದ್ದಕ್ಕೆ ಇಬ್ಬರೂ ಡೇರೆ ಮುಡಿದುಕೊಂಡೆವು.

ಈಗ ಫೋನು ಮಾಡಿದಾಗ ಅವಳು ಮೊದಲು ಕೇಳುವುದೇ "ಬೇರು ಬಿಳಿಯೋ ಹಸಿರೋ?" ಎಂದು. ತಡಿಯೇ ಅಂದು, ಜಗಲಿಗೆ ಹೋಗಿ ನೋಡಿ ಬಂದು ಹೇಳುತ್ತೇನೆ.