ಚುಕ್ಕೆ ಇಟ್ಟ ಜಾಗ

2024ರ ಮಳೆಗಾಲವನ್ನು ಹೊನ್ನಾವರದ ನಮ್ಮ ಮನೆ ಬಹುಮಟ್ಟಿಗೆ ಒಂದು ಮೊಬೈಲಿನ ಪರದೆಯನ್ನು ನೋಡುತ್ತಲೇ ಕಳೆಯಿತು. ಮೊಮ್ಮಗಳು ಏಪ್ರಿಲ್ 18 ಮತ್ತು 19ರಂದು ಸಿಇಟಿ ಬರೆದಿದ್ದಳು. ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದುವೆಂದು ರಾಜ್ಯದಲ್ಲೆಲ್ಲ ಗದ್ದಲವೆದ್ದು, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ನಡೆಯಿತು. ಜೂನ್ 1ರಂದು ಫಲಿತಾಂಶ ಬಂದಾಗ, ಇನ್ನು ಸೀಟು ತಿಳಿಯುವುದೊಂದೇ ಬಾಕಿ ಎಂದುಕೊಂಡೆವು. ಅಷ್ಟರಲ್ಲಿ ನೀಟ್ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದರ ಪರಿಷ್ಕೃತ ಫಲಿತಾಂಶ ಹೊರಬಿದ್ದದ್ದು ಜುಲೈ 26ರಂದು. ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ವಿಜ್ಞಾನ ಎಲ್ಲಕ್ಕೂ ಸೀಟು ಹಂಚುವುದು ಒಂದೇ ಪ್ರಾಧಿಕಾರವಾದುದರಿಂದ, ನೀಟ್ ಬರೆಯದ ನಮ್ಮ ಹುಡುಗಿಯೂ ಆ ಸರದಿಯಲ್ಲಿ ನಿಂತು ಕಾಯಬೇಕಾಯಿತು.

ಅವಳ ಆಸೆ ಶಿರಸಿಯ ಅರಣ್ಯ ಮಹಾವಿದ್ಯಾಲಯ. ಅವಳ ಅಪ್ಪನ ಆಸೆ ಎಂಜಿನಿಯರಿಂಗ್.

ನಾನೂ ಒಮ್ಮೆ ಹೀಗೆ ಕಾದವನೇ. ಸ್ನಾತಕೋತ್ತರ ಪ್ರವೇಶದ ಪತ್ರಕ್ಕಾಗಿ ಒಂದು ಇಡೀ ಆಷಾಢ ಜಗಲಿಯಲ್ಲಿ ಕುಳಿತಿದ್ದೆ. ಆದರೆ ನನ್ನ ಕಾಯುವಿಕೆಗೆ ಒಂದು ಹೊತ್ತೆಂಬುದಿತ್ತು. ಅಂಚೆಯವನು ಬಂದುಹೋದನೆಂದರೆ ಆ ದಿನದ ಆತಂಕ ಮುಗಿಯಿತು. ಮರುದಿನದವರೆಗೆ ಉಣ್ಣಬಹುದು, ನಿದ್ರಿಸಬಹುದು. ಈಗಿನ ಮಕ್ಕಳಿಗೆ ಆ ಬಿಡುವಿಲ್ಲ. ರಾತ್ರಿ ಹನ್ನೊಂದಕ್ಕೂ ಪ್ರಕಟಣೆ ಬಂದೀತು, ವೇಳಾಪಟ್ಟಿ ಬದಲಾದೀತು. ಮಳೆಗೆ ಕರೆಂಟು ಹೋಗಿ ನೆಟ್‌ವರ್ಕ್ ಕಡಿದಾಗಲೆಲ್ಲ ಅವಳ ಮುಖದಲ್ಲಿ ಕಾಣುತ್ತಿದ್ದುದು ಸಿಟ್ಟಲ್ಲ, ಒಂದು ಬಗೆಯ ವಿರಾಮ.

ಆ ದಿನಗಳಲ್ಲಿ ನಾನು ಗೇರುಸೊಪ್ಪೆಯ ಶಾಸನವೊಂದರ ಪಾಠವನ್ನು ಮತ್ತೆ ಪರಿಶೀಲಿಸುತ್ತಿದ್ದೆ. ಸುಮ್ಮನಿರುವುದಕ್ಕಿಂತ ಮೇಲೆಂದು ಅವಳನ್ನೂ ಎದುರಿಗೆ ಕೂರಿಸಿಕೊಂಡೆ. ನಾನು ಛಾಯಾಚಿತ್ರ ನೋಡಿ ಓದುವುದು, ಅವಳು ಬರೆದುಕೊಳ್ಳುವುದು. ಕಲ್ಲು ಸವೆದು ಅಕ್ಷರ ಅಳಿದಿರುವಲ್ಲಿ ಎಷ್ಟು ಅಕ್ಷರಗಳ ಜಾಗವಿದೆಯೋ ಅಷ್ಟು ಚುಕ್ಕೆ ಇಡಬೇಕೆಂದು ಹೇಳಿಕೊಟ್ಟೆ. ಎರಡನೆಯ ದಿನವೇ ಅವಳು, "ಇಲ್ಲಿ ಯಾವ ಹೆಸರು ಇದ್ದಿರಬಹುದು ಅಂತ ಗೊತ್ತಾಗುತ್ತದಲ್ಲ ಅಜ್ಜ, ಬರೆದುಬಿಡಲೇ?" ಎಂದಳು. ಬೇಡವೆಂದೆ. ಊಹೆ ಎಷ್ಟೇ ಚೆನ್ನಾಗಿದ್ದರೂ ಅದು ಅಡಿಟಿಪ್ಪಣಿಯಲ್ಲಿರಬೇಕೇ ಹೊರತು ಪಾಠದಲ್ಲಲ್ಲ. ಹಾಗೆ ತುಂಬಿದ ಒಂದು ಹೆಸರಿನ ಮೇಲೆ ಮುಂದಿನವರು ವಂಶಾವಳಿಯನ್ನೇ ಕಟ್ಟಿಬಿಡುತ್ತಾರೆ. (ಕಟ್ಟಿದ್ದಾರೆ ಕೂಡ. ಆ ಜಗಳ ಇಲ್ಲಿ ಬೇಡ.)

ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿಗೆ ತಳ್ಳಿತು. ಕೇರಳದ ಲಾರಿ ಚಾಲಕರೊಬ್ಬರ ಮನೆಯವರು ಅವರ ಸುದ್ದಿಗಾಗಿ ಕಾಯುತ್ತಿರುವುದನ್ನು ನಾವೆಲ್ಲ ದಿನವೂ ಟೀವಿಯಲ್ಲಿ ನೋಡಿದೆವು. ಆ ವಾರ ಅವಳು ಸೀಟಿನ ಮಾತೆತ್ತಲಿಲ್ಲ. ಗುಡ್ಡ ಏಕೆ ಜಾರುತ್ತದೆ, ಬೇರು ಮಣ್ಣನ್ನು ಎಷ್ಟು ಆಳದವರೆಗೆ ಹಿಡಿಯಬಲ್ಲದು ಎಂದು ಕೇಳುತ್ತಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಸುತ್ತಿನ ಹಂಚಿಕೆ ಬರುವಷ್ಟರಲ್ಲಿ ಚೌತಿ ಹತ್ತಿರವಾಗಿತ್ತು. ಸಿಕ್ಕಿದ್ದು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಸೀಟು. ಆಗ ಎದುರಾದದ್ದು ನಾಲ್ಕು ಆಯ್ಕೆಗಳು: ಒಪ್ಪಿ ಸೇರುವುದು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಇದನ್ನು ಬಿಟ್ಟು ಕಾಯುವುದು, ಪೂರ್ತಿ ಹೊರಬರುವುದು. ಗೇರುಸೊಪ್ಪೆಯ ಚತುರ್ಮುಖ ಬಸದಿಯ ನಾಲ್ಕು ಬಾಗಿಲುಗಳು ನೆನಪಾಗಿ ಏನೋ ಹೇಳಹೊರಟೆ. "ಅಜ್ಜ, ಅಲ್ಲಿ ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಜಿನಬಿಂಬವಿದೆ. ಇಲ್ಲಿ ಹಾಗಲ್ಲ" ಎಂದಳು. ಬಾಯಿ ಮುಚ್ಚಿಕೊಂಡೆ.

ಮಗ ಮೊದಲನೆಯದನ್ನೇ ಹಿಡಿದ. ಕೈಗೆ ಬಂದದ್ದನ್ನು ಬಿಡಬಾರದು ಎಂಬುದು ಅವನ ವಾದ. ವಾಸ್ತವದಲ್ಲಿ ಎರಡನೆಯದರಲ್ಲಿ ಬಿಡುವುದೇನೂ ಇಲ್ಲ. ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಬರೆದದ್ದು ಸಿಕ್ಕರೆ ಮಾತ್ರ ಹಳೆಯದು ಹೋಗುತ್ತದೆ, ಸಿಗದಿದ್ದರೆ ಇದೇ ಉಳಿಯುತ್ತದೆ. ವೈದ್ಯಕೀಯ ಸೀಟು ಪಡೆದವರು ಬಿಟ್ಟುಹೋದ ಕೃಷಿ, ಅರಣ್ಯ ಸೀಟುಗಳು ಮುಂದಿನ ಸುತ್ತಿಗೆ ಬರುವುದೂ ಉಂಟು. ನಷ್ಟವೆಂದರೆ ಇನ್ನಷ್ಟು ದಿನದ ನಿದ್ರೆ, ಮತ್ತು ಮೊದಲು ಸೇರಿದವರಿಗೆ ಸಿಗುವ ಹಾಸ್ಟೆಲ್ ಕೋಣೆ. ಇದನ್ನು ನಾನು ಮಗನಿಗೆ ಹೇಳಬಹುದಿತ್ತು. ಹೇಳಲಿಲ್ಲ, ಅವಳೇ ಹೇಳಿದಳು, ಅಳದೆ, ಒಂದು ಕಾಗದದ ಮೇಲೆ ಬರೆದು ತೋರಿಸಿ. ಅವನು ಬಹಳ ಹೊತ್ತು ಆ ಕಾಗದವನ್ನೇ ನೋಡಿ, "ಆಯಿತು, ಎರಡನೆಯದನ್ನೇ ಒತ್ತು" ಎಂದ.

ಶಿರೂರಿನ ಆ ಲಾರಿಯನ್ನು ನದಿಯಿಂದ ಎತ್ತಿದ್ದು ಸೆಪ್ಟೆಂಬರ್ 25ರಂದು, ಚಾಲಕರ ದೇಹದೊಂದಿಗೆ. ನಮ್ಮ ಎರಡನೆಯ ಸುತ್ತೂ ಆಮೇಲೆ ಮುಗಿಯಿತು. ಶಿರಸಿ ಸಿಗಲಿಲ್ಲ, ಮೊದಲಿನ ಸೀಟೇ ಉಳಿಯಿತು. ಹೊರಡುವ ಹಿಂದಿನ ರಾತ್ರಿ ಅವಳು ಶಾಸನದ ಪ್ರತಿಯನ್ನು ಪೂರೈಸಿ ನನ್ನ ಮೇಜಿನ ಮೇಲಿಟ್ಟಿದ್ದಳು. ಹದಿಮೂರನೆಯ ಸಾಲಿನಲ್ಲಿ ನಾನು ಐದು ಚುಕ್ಕೆ ಎಣಿಸಿದ್ದೆ. ಅವಳು ಆರು ಇಟ್ಟು, ಅಂಚಿನಲ್ಲಿ "ಅಜ್ಜ, ಇನ್ನೊಮ್ಮೆ ಎಣಿಸಿ" ಎಂದು ಬರೆದಿದ್ದಳು. ಎಣಿಸಿದೆ. ಆರೇ ಇವೆ.