ಬೇಲಿಯ ಈಚೆ, ಬೇಲಿಯ ಆಚೆ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯ ಎಂಬ ಮೂರು ರಾಜ್ಯಗಳು ಕೂಡುವ ಎಡೆಗೆ ಕ್ಯಾಮರಾನ್ ಕಾರ್ನರ್ ಎಂದು ಹೆಸರು. ಕೆಂಪು ಮರಳುದಿಬ್ಬಗಳ ನಡುವಿನ ಈ ನಿರ್ಜನ ಪ್ರದೇಶದಲ್ಲಿ ಯಾತ್ರಿಕನ ಕಣ್ಣಿಗೆ ಬೀಳುವುದು ಒಂದು ತಂತಿಬೇಲಿ. ಡಿಂಗೋ ಎಂಬ ಕಾಡುನಾಯಿಯಿಂದ ಕುರಿಮಂದೆಗಳನ್ನು ರಕ್ಷಿಸುವ ಈ ಬೇಲಿಯ ಉದ್ದ ಸುಮಾರು 5,600 ಕಿಲೋಮೀಟರು.

ಡಿಂಗೋಗಳು ದೊಡ್ಡ ಕಾಂಗರೂವನ್ನು ಗುಂಪುಗೂಡಿ ಬೆನ್ನಟ್ಟಿ, ದಣಿಸಿ ಕೆಡಹುತ್ತವೆ. ಕಾಂಗರೂವಾದರೂ ನಿಸ್ಸಹಾಯಕ ಪ್ರಾಣಿಯಲ್ಲ. ಹಿಂಗಾಲಿನಿಂದ ನೆಲವನ್ನು ಅಪ್ಪಳಿಸಿ ಸಂಗಡಿಗರನ್ನು ಎಚ್ಚರಿಸುವುದು; ನೀರು ಸಿಕ್ಕಿದರೆ ಎದೆಮಟ್ಟ ಇಳಿದು ನಿಂತು, ಈಜಿ ಬಂದ ನಾಯಿಯನ್ನು ಮುಂಗಾಲುಗಳಿಂದ ಅದುಮಿ ಮುಳುಗಿಸಲೆತ್ನಿಸುವುದು. ಪ್ರಾಣಭಯದಿಂದ ಓಡುವ ತಾಯಿಯ ಹೊಟ್ಟೆಚೀಲ ಸಡಿಲಗೊಂಡು ಮರಿ ಕೆಳಗೆ ಬೀಳುವುದೂ ಉಂಟು. ಇದನ್ನು ಕೇಳಿದ ಯಾವ ತಾಯಿಯ ಹೃದಯವೂ ಮರುಗದಿರದು. ಆದರೆ ಕೆಂಪು ಕಾಂಗರೂವಿನ ಗರ್ಭದಲ್ಲಿ ಬೆಳವಣಿಗೆಯನ್ನು ತಡೆಹಿಡಿದು ಕಾದಿರುವ ಮತ್ತೊಂದು ಭ್ರೂಣವಿರುವುದುಂಟು. ಚೀಲ ಬರಿದಾದರೆ ಅದು ಬೆಳೆಯತೊಡಗಿ, ಸುಮಾರು ಒಂದು ತಿಂಗಳಲ್ಲಿ ಜನಿಸುವುದು. ತಾಯಿ ಉಳಿದರೆ ಸಂತತಿಯೂ ಉಳಿದೀತು!

ಬೇಲಿಯ ಈಚೆಗಿನ ನ್ಯೂ ಸೌತ್ ವೇಲ್ಸ್‌ನಲ್ಲಿ ಡಿಂಗೋ ವಿರಳ. ಆದ್ದರಿಂದ ಕಾಂಗರೂಗಳು ಹೇರಳ. ಅವು ಹುಲ್ಲನ್ನು ಸವೆಸಿ, ಬರಗಾಲದಲ್ಲಿ ಹಸಿವಿನಿಂದ ಸಾಯುತ್ತವೆ. ಡಿಂಗೋ ಇರುವ ಆಚೆ ಬದಿಯಲ್ಲಿ ಕಾಂಗರೂ ಕಡಿಮೆ, ಹುಲ್ಲು ಹೆಚ್ಚು. ನರಿಗಳನ್ನು ಡಿಂಗೋ ಹದ್ದಿನಲ್ಲಿಡುವುದರಿಂದ ನೆಗೆಯುವ ಪುಟ್ಟ ಇಲಿಗಳಿಗೂ ಅಲ್ಲಿ ಬದುಕುಂಟು.

ಕುರಿ ಕಳೆದುಕೊಂಡವನ ದುಃಖ ಸುಳ್ಳಲ್ಲ. ಆದರೂ ಒಂದು ಜೀವವನ್ನು ಹೊರಗಿಡಲು ಕಟ್ಟಿದ ಬೇಲಿ ಎಷ್ಟು ಜೀವಗಳ ಅನ್ನವನ್ನು ಬದಲಿಸಿತೆಂಬುದನ್ನು ವಾಚಕ ಬಂಧುಗಳು ಆಲೋಚಿಸಬೇಕು.